ಹಳದಿ ಸ್ಟ್ಯಾಂಡಿಗೆ ಹೊದಿಸಿದ ಕಂಬಳಿ

ತಾಳ್ಯ
12 ಜನವರಿ 2025

ಪ್ರೀತಿಯ ರಘುನಾಥ ಮಾವನಿಗೆ,

ಮೊನ್ನೆ ಫೋನಿನಲ್ಲಿ ನಾನು ಎಷ್ಟು ಕೂಗಿದರೂ ನೀವು ಊಟ ಆಯಿತೇ ಎಂದೇ ಕೇಳುತ್ತಿದ್ದಿರಿ. ನನ್ನ ಕೂಗಿಗೆ ಪಶು ಆಸ್ಪತ್ರೆಯ ಅಂಗಳದಲ್ಲಿ ನನ್ನ ಸೂಜಿಗೆ ಕಾದಿದ್ದ ಆಡುಗಳು ಹಗ್ಗ ಕಿತ್ತುಕೊಂಡವು. ನಿಮ್ಮ ಕಿವಿಗಿಂತ ಅಂಚೆಯಣ್ಣನೇ ವಾಸಿ ಎಂದು ಕಾಗದ ಬರೆಯುತ್ತಿದ್ದೇನೆ.

ವಿಷಯ ಇಷ್ಟೇ. ಇಲ್ಲಿ ಕರಿಗುಡ್ಡ ಎಂದೊಂದು ಹುಲ್ಲುಗುಡ್ಡ ಇದೆ. ಗುಡ್ಡದ ಕೆಳಗಿನ ಕುರಿಗಾಹಿಗಳ ಹಟ್ಟಿಯವರು ಕುರಿ ಮೇಯಿಸುವ ಜಾಗ. ಅದರ ತಿರುವಿನಲ್ಲಿ ಒಂಟಿ ಬಿಳಿಜಾಲಿ ಮರ. ಆ ಮರದ ನೆತ್ತಿಯಲ್ಲಿ ಹಾವುಗಿಡುಗದ ಜೋಡಿ ಗೂಡು ಕಟ್ಟಿದೆ. ಇದು ಹಾವನ್ನೇ ತಿಂದು ಬದುಕುವ ದೊಡ್ಡ ಹಕ್ಕಿ. ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಮನುಷ್ಯರು ಹತ್ತಿರ ಸುಳಿದರೆ ಮೊಟ್ಟೆಯನ್ನೇ ಬಿಟ್ಟು ಹೋಗುತ್ತದೆ. ಹೋದ ವರ್ಷ ಯಾರೋ ಮರದ ಕೆಳಗೆ ಸೌದೆ ಕಡಿದರು, ಗೂಡು ಬರಿದಾಯಿತು. ಈ ವರ್ಷ ಮರಿ ಹಾರುವವರೆಗೂ ನಾನು ಕಾವಲು ಇರಬೇಕೆಂದಿದ್ದೇನೆ. ಒಂದು ಕೂಗಳತೆ ದೂರದಲ್ಲಿ ಕೂತು, ಒಂಟಿಕಣ್ಣಿನ ದುರ್ಬೀನಿನಲ್ಲಿ ನೋಡುವುದು.

ದುರ್ಬೀನು ಚೆನ್ನಾಗಿದೆ. ಅದನ್ನು ಹೊರುವ ಸ್ಟ್ಯಾಂಡ್ ಚೆನ್ನಾಗಿಲ್ಲ. ಕರಿಗುಡ್ಡದ ಗಾಳಿಗೆ ಅದು ಮೊದಲ ದಿನವೇ ಅಂಗಾತ ಬಿತ್ತು. ಮದುವೆ ಮಂಟಪಗಳಲ್ಲಿ ನಲವತ್ತು ವರ್ಷ ಕ್ಯಾಮರಾ ಸ್ಟ್ಯಾಂಡ್ ನೆಟ್ಟವರು ನೀವು. ಯಾವುದು ಬಾಳಿಕೆ ಬರುತ್ತದೆ? ಮೂರು ಕಾಲಿನದೋ, ಕೋಲಿನಂತಹ ಒಂಟಿಕಾಲಿನದೋ?

ನಿಮ್ಮ ಸೊಸೆ,
ಕಾವ್ಯಶ್ರೀ


ಹಿರಿಯೂರು
20 ಜನವರಿ 2025

ಕಾವ್ಯಾ ತಾಯಿ,

ನಿನ್ನ ಕಾಗದ ಓದಿ ನಕ್ಕೆ. ಸ್ಟುಡಿಯೋಗೆ ಬರುವ ಹುಡುಗರು ಮೊದಲು ಬಣ್ಣ ಕೇಳುತ್ತಾರೆ, ಆಮೇಲೆ ತೂಕ ಕೇಳುತ್ತಾರೆ. ಬಾಳಿಕೆ ಕೇಳಿದವಳು ನೀನೊಬ್ಬಳೇ. ನಾನು ತಿರುಗಿಸಿ ಕೇಳುವ ಪ್ರಶ್ನೆಯೂ ಒಂದೇ: ಅದು ಎಷ್ಟು ವರ್ಷ ಬಾಳಬೇಕು? ಅದಕ್ಕೆ ಉತ್ತರ ಹೇಳು, ಸ್ಟ್ಯಾಂಡ್ ತಾನಾಗಿ ಸಿಗುತ್ತದೆ.

ಒಂಟಿಕಾಲಿನದನ್ನು ಮರೆತುಬಿಡು. ಓಡಾಡುತ್ತ ಫೋಟೊ ಹೊಡೆಯುವವರಿಗೆ ಅದು ಸರಿ. ಗಂಟೆಗಟ್ಟಲೆ ಒಂದೇ ಗೂಡು ನೋಡುವವಳಿಗೆ ಮೂರು ಕಾಲೇ ಬೇಕು. ಕಾಲುಗಳಲ್ಲಿ ಮಡಿಕೆ ಕಡಿಮೆ ಇದ್ದಷ್ಟೂ ಒಳ್ಳೆಯದು. ಒಂದೊಂದು ಮಡಿಕೆಯೂ ಒಂದೊಂದು ಮೊಣಕಾಲು, ವಯಸ್ಸಾದಂತೆ ನಡುಗುತ್ತದೆ. ತಿರುಚುವ ಲಾಕು ಬೇಡ, ನಿಮ್ಮ ಕಡೆಯ ಧೂಳು ಹೊಕ್ಕರೆ ಅದು ಮರಳು ತಿಂದ ಗಿರಣಿಯ ಹಾಗೆ ಕರಕರ ಅನ್ನುತ್ತದೆ. ನಡುವಿನ ಕಂಬ ಎತ್ತಬೇಡ. ಗಾಳಿ ಜೋರಾದರೆ ಕೆಳಗೆ ಒಂದು ಚೀಲ ಕಲ್ಲು ನೇತುಹಾಕು.

ಇಷ್ಟೆಲ್ಲ ಗುಣವಿರುವುದು ಅಂಗಡಿಯಲ್ಲಿ ಸಿಗುವುದು ಕಷ್ಟ. ಆದರೆ ನಿನ್ನ ಮಾವನ ಹತ್ತಿರ ಒಂದಿದೆ. ಹಳದಿ ಬಣ್ಣದ್ದು, ಕಾಲಿಗೊಂದೊಂದು ಉಕ್ಕಿನ ಮೊನೆ, ಮೊನೆಯ ಪಕ್ಕದಲ್ಲಿ ಮೆಟ್ಟಿ ನೆಲಕ್ಕೆ ಊರಲು ಒಂದೊಂದು ಕಿವಿ. ಆನೆ ಒರಗಿದರೂ ಅಲ್ಲಾಡುವುದಿಲ್ಲ. ಅದರ ತಲೆಗೆ ನಿನ್ನ ದುರ್ಬೀನು ಕೂರುವಂತೆ ಲೇತಿನ ದುರುಗಣ್ಣನ ಹತ್ತಿರ ಒಂದು ಪಟ್ಟಿ ಮಾಡಿಸಿದ್ದೇನೆ. ಎಲ್ಲಿಂದ ಬಂತು ಎಂಬುದು ನನ್ನ ವ್ಯಾಪಾರದ ಗುಟ್ಟು. ಹೊಳಲ್ಕೆರೆ ಬಸ್ಸಿಗೆ ಹಾಕುತ್ತೇನೆ, ಇಳಿಸಿಕೊ.

ನಿನ್ನ ಅಮ್ಮ ಯಶೋದಕ್ಕ ಹಿರೇಗುಂಟನೂರಿನಿಂದ ಬಂದಿದ್ದಳು. ನೀನು ಗುಡ್ಡದಲ್ಲಿ ಒಬ್ಬಳೇ ಕೂರುವುದನ್ನು ನಾನು ಹೇಳಿಲ್ಲ.

ನಿನ್ನ ಮಾವ,
ರಘುನಾಥ್


ತಾಳ್ಯ
9 ಫೆಬ್ರವರಿ 2025

ಮಾವ,

ಸ್ಟ್ಯಾಂಡ್ ಬಂತು. ಇದು ಸ್ಟ್ಯಾಂಡಲ್ಲ, ಮೂರು ಕಾಲಿನ ಬಂಡೆ. ಕಂಡಕ್ಟರ್ ಇಳಿಸಿಕೊಡುತ್ತ ಸೊಂಟ ಹಿಡಿದುಕೊಂಡ. ಮೊನೆ ಮೆಟ್ಟಿ ಊರಿದೆ. ಗಾಳಿ ಬೀಸಿ ನನ್ನ ದುಪಟ್ಟಾ ಹಾರಿತು, ದುರ್ಬೀನಿನೊಳಗಿನ ಗೂಡು ಕದಲಲಿಲ್ಲ. ಗಿಡುಗ ಮೊಟ್ಟೆಯ ಮೇಲೆ ಕೂತಿದೆ. ದುಂಡು ತಲೆ, ಗೂಬೆಯಂತಹ ಹಳದಿ ಕಣ್ಣು.

ಸ್ಟ್ಯಾಂಡ್ ಹೊತ್ತು ಇಳಿಯಲು ಆಗದೆ ಒಂದು ಸಂಜೆ ಅಲ್ಲೇ ಬಿಟ್ಟು ದುರ್ಬೀನು ಮಾತ್ರ ತಂದೆ. ಮರುದಿನ ಹೋದರೆ ಅದರ ಮೇಲೆ ಕರಿ ಕಂಬಳಿ ಹೊದಿಸಿದ್ದರು! ಹಟ್ಟಿಯ ಹುಚ್ಚಕ್ಕನ ಕಂಬಳಿ. ಅವಳು ಅಲ್ಲಿನ ಹಿರಿಯಜ್ಜಿ. ಅವಳ ಮಾತಿಗೆ ಮಗ ಜುಂಜಣ್ಣನೂ ಎದುರಾಡುವುದಿಲ್ಲ. ಬಿಸಿಲಿಗೆ ನನ್ನ ಸಾಮಾನು ಕೆಡದಿರಲೆಂದು ಅಜ್ಜಿ ತನ್ನ ಕಂಬಳಿಯನ್ನೇ ಹೊದಿಸಿದಳಲ್ಲ ಎಂದು ಮನಸ್ಸು ಕರಗಿತು. ಕಂಬಳಿ ಕೊಡವಿ, ಮಡಚಿ, ಒಂದು ಪೊಟ್ಟಣ ಬಿಸ್ಕತ್ತು ಇಟ್ಟು ಹಟ್ಟಿಗೆ ಒಯ್ದು ಕೊಟ್ಟುಬಂದೆ. ಅಜ್ಜಿ ಮುಖ ತಿರುಗಿಸಿಕೊಂಡಳು. ನಾಚಿಕೆ ಇರಬೇಕು.

ಕಾವ್ಯ


ತಾಳ್ಯ
27 ಫೆಬ್ರವರಿ 2025

ಮಾವ,

ಒಂಟಿಕಾಲಿನ ಸ್ಟ್ಯಾಂಡ್ ಒಂದನ್ನು ಕಳಿಸಿಕೊಡಿ. ಬೇಗ. ಬಣ್ಣ ಕರಿಯದಾಗಿರಲಿ. ಕಾರಣ ಕೇಳಬೇಡಿ.

ಕಾವ್ಯ


ಹಿರಿಯೂರು
5 ಮಾರ್ಚ್ 2025

ಕಾವ್ಯಾ,

ಕಾರಣ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಹೊರಲು ಭಾರವಾಯಿತು. ಅಥವಾ ಹಳದಿ ಬಣ್ಣ ನಿನಗೆ ನಾಚಿಕೆಯಾಯಿತು. ನಿನ್ನ ಅಮ್ಮನೂ ಹೀಗೇ, ಮದುವೆಯಲ್ಲಿ ಹಳದಿ ಸೀರೆ ಉಡುವುದಿಲ್ಲವೆಂದು ಹಟ ಹಿಡಿದು ಮುಹೂರ್ತವನ್ನೇ ತಡಮಾಡಿದಳು.

ಒಂಟಿಕಾಲಿನ ಮೇಲೆ ಗೂಡು ನೋಡಿದರೆ ಗೂಡು ಕಾಣುವುದಿಲ್ಲ, ನಿನ್ನ ಎದೆಬಡಿತ ಕಾಣುತ್ತದೆ. ನಾನು ಕಳಿಸುವುದಿಲ್ಲ. ಬಣ್ಣ ಬೇಡವಾದರೆ ಒಂದು ಡಬ್ಬಿ ಕರಿ ಪೇಂಟ್ ಕಳಿಸುತ್ತೇನೆ. ನಲವತ್ತು ವರ್ಷದ ಅನುಭವದಿಂದ ಆರಿಸಿದ ಸ್ಟ್ಯಾಂಡನ್ನು ಮೂರು ವಾರಕ್ಕೇ ಬೇಡ ಎನ್ನುವ ಗಿರಾಕಿ ನೀನೇ ಮೊದಲು.

ನಿನ್ನ ಮಾವ


ತಾಳ್ಯ
12 ಮಾರ್ಚ್ 2025

ಮಾವ,

ಹೇಳಬಾರದೆಂದಿದ್ದೆ. ಅಮ್ಮನಿಗೆ ತಿಳಿದರೆ ನಾಳೆಯೇ ಬಸ್ ಹತ್ತಿ ಬಂದು ನನ್ನನ್ನು ಕಟ್ಟಿಕೊಂಡು ಹೋಗುತ್ತಾಳೆ ಎಂಬ ಹೆದರಿಕೆ. ಈಗ ಹೇಳಲೇಬೇಕು, ಯಾಕೆಂದರೆ ನಿಮ್ಮಿಂದ ಒಂದು ಉತ್ತರ ಬೇಕು.

ಫೆಬ್ರವರಿ ನಡುವಿನಿಂದ ಹಟ್ಟಿಯ ಒಂದು ಕುರಿಯೂ ಆಸ್ಪತ್ರೆಗೆ ಬರಲಿಲ್ಲ. ಲಸಿಕೆ ಹಾಕಲು ನಾನೇ ಹೋದರೆ ದೊಡ್ಡಿಯ ಬಾಗಿಲಿಗೆ ಮುಳ್ಳು ಎಳೆದಿತ್ತು. ಆಮೇಲೊಂದು ಬೆಳಗ್ಗೆ ಗುಡ್ಡಕ್ಕೆ ಹೋದರೆ ಸ್ಟ್ಯಾಂಡ್ ಇರಲಿಲ್ಲ. ಹಟ್ಟಿಗೆ ಹೋದೆ. ಅದು ಹುಚ್ಚಕ್ಕನ ಕುರಿದೊಡ್ಡಿಯಲ್ಲಿ ಮಲಗಿತ್ತು. ಅಜ್ಜಿ ಅದರ ಒಂದು ಕಾಲಿನ ಮೇಲೆಯೇ ಕುಂತು ಉಣ್ಣೆ ಹಿಂಜುತ್ತಿದ್ದಳು. ನನ್ನನ್ನು ಕೂರು ಎನ್ನಲಿಲ್ಲ.

"ಡಾಕ್ಟ್ರಮ್ಮ," ಎಂದಳು, "ನೀನು ಕುರಿಗೆ ಸೂಜಿ ಹಾಕಾಕ್ ಬಂದೀಯೋ, ನೆಲಕ್ಕೆ ಗೂಟ ಹೊಡಿಯಾಕ್ ಬಂದೀಯೋ?"

ನನಗೆ ತಲೆಬುಡ ತಿಳಿಯಲಿಲ್ಲ. ಜುಂಜಣ್ಣ ಬಿಡಿಸಿ ಹೇಳಿದ. ಕರಿಗುಡ್ಡದ ಮೇಲೆ ಕರೆಂಟು ತೆಗೆಯುವ ಗಾಳಿ ಫ್ಯಾನು ನಿಲ್ಲಿಸಲು ಒಂದು ಕಂಪನಿ ಓಡಾಡುತ್ತಿದೆಯಂತೆ. ಫ್ಯಾನಿನ ರೆಕ್ಕೆ ಹೊತ್ತ ಉದ್ದದ ಲಾರಿ ತಿರುಗಬೇಕಾದರೆ ಅಗಲ ರಸ್ತೆ ಬೇಕು. ಆ ರಸ್ತೆ ನನ್ನ ಬಿಳಿಜಾಲಿ ಮರದ ಮೇಲೆಯೇ ಹಾಯುತ್ತದೆ. ಪಕ್ಕದ ಊರಿನ ಗೋಮಾಳಕ್ಕೆ ಹೋದ ವರ್ಷ ಮೊದಲು ಬಂದದ್ದು ಒಬ್ಬ ಮನುಷ್ಯ ಮತ್ತು ಇಂತಹುದೇ ಮೂರು ಕಾಲಿನ ಹಳದಿ ಸ್ಟ್ಯಾಂಡ್. ಆರು ತಿಂಗಳಿಗೆ ಬೇಲಿ ಬಂತು. "ಫ್ಯಾನು ಆಮೇಲೆ ಬರ್ತೈತ್ರಿ. ಮೊದ್ಲು ಬರಾದು ಇದು," ಎಂದು ಜುಂಜಣ್ಣ ಸ್ಟ್ಯಾಂಡನ್ನು ಬೆರಳಿನಿಂದ ತಟ್ಟಿದ.

ಇನ್ನು ಕಂಬಳಿಯ ಕಥೆ ಕೇಳಿ. ಈ ಹಟ್ಟಿಯಲ್ಲಿ ಯಾವುದಾದರೂ ವಸ್ತುವಿನ ಮೇಲೆ ತಕರಾರು ಬಂದರೆ ಹಿರಿಯರು ಅದರ ಮೇಲೆ ಕಂಬಳಿ ಹೊದಿಸುತ್ತಾರೆ. ಅಲ್ಲಿಂದ ಅದು ದೇವರ ವಶ. ಹಟ್ಟಿ ಕೂತು ಮಾತಾಡಿ, ಕಾಯಿ ಒಡೆದು, ಹೊದಿಸಿದವರೇ ತೆಗೆಯಬೇಕು. ಬೇರೆಯವರು ಮುಟ್ಟಿದರೆ ಇಡೀ ಹಟ್ಟಿಯ ಮುಖಕ್ಕೆ ಉಗಿದಂತೆ. ನಾನು ಮುಟ್ಟಿದ್ದಷ್ಟೇ ಅಲ್ಲ, ಕೊಡವಿ, ಮಡಚಿ, ಬಿಸ್ಕತ್ತು ಬೇರೆ ಕೊಟ್ಟುಬಂದೆ.

ತಪ್ಪಾಯಿತೆಂದು ಕೈಮುಗಿದೆ. ಹಕ್ಕಿ ನೋಡಲು ತಂದದ್ದು ಎಂದೆ. ಹಕ್ಕಿ ನೋಡಾಕೆ ಕಣ್ಣಿಲ್ವಾ ಎಂದು ಕೇಳಿ ಅಜ್ಜಿ ಉಣ್ಣೆ ಹಿಂಜುತ್ತಲೇ ಇದ್ದಳು.

ಈಗ ಹೇಳಿ ಮಾವ. ಆ ಸ್ಟ್ಯಾಂಡ್ ಎಲ್ಲಿಯದು?

ಕಾವ್ಯ


ಹಿರಿಯೂರು
18 ಮಾರ್ಚ್ 2025

ತಾಯಿ,

ನಿನ್ನ ಕಾಗದವನ್ನು ಸ್ಟುಡಿಯೋದ ಬಾಗಿಲು ಹಾಕಿಕೊಂಡು ಓದಿದೆ. ಅದು ಸರ್ವೆಯವರದೇ. ಎದುರಿನ ಲಾಡ್ಜಿನಲ್ಲಿ ಶಿವರಾಜ್ ಎಂಬ ಅಳತೆಯವನು ಇರುತ್ತಾನೆ. ಅವನ ಮಗಳ ನಾಮಕರಣಕ್ಕೆ ಫೋಟೊ ತೆಗೆದಿದ್ದೆ. ಹೊಸ ಸ್ಟ್ಯಾಂಡ್ ಬಂದಿದೆ, ಇದು ಮೂಲೆಯಲ್ಲಿ ಬಿದ್ದಿದೆ, ಇಟ್ಟುಕೊಳ್ಳಿ ಎಂದು ಕೊಟ್ಟ. ಮೂರು ಕಾಲು ಅಂದರೆ ಮೂರು ಕಾಲು, ಅದರ ಮೇಲೆ ಕ್ಯಾಮರಾ ಕೂತರೇನು, ಸರ್ವೆಯವರ ಕಣ್ಣು ಕೂತರೇನು ಎಂದುಕೊಂಡೆ. ಗುಡ್ಡದ ಕೆಳಗೆ ನಿಂತು ನೋಡುವವರಿಗೆ ಅದು ಹೇಗೆ ಕಾಣುತ್ತದೆ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಇನ್ನೊಂದು ಕೇಳು. ಆ ಶಿವರಾಜನ ಬಾಯಲ್ಲಿ ಈಗ ನಿಮ್ಮ ತಾಳ್ಯದ ಹೆಸರು ಬರುತ್ತಿದೆ.

ಒಂಟಿಕಾಲಿನ ಸ್ಟ್ಯಾಂಡ್ ಇದರ ಜೊತೆ ಬರುತ್ತಿದೆ. ಕರಿಯದು, ಗಟ್ಟಿಯದು. ಆದರೆ ಅದನ್ನು ಹಿಡಿದು ಗುಡ್ಡ ಹತ್ತಬೇಡ. ಕಂಪನಿಯವರು ಒಂದು ಕಡೆ, ಹಟ್ಟಿಯವರು ಒಂದು ಕಡೆ, ನಡುವೆ ದುರ್ಬೀನು ಹಿಡಿದ ನೀನು. ಸರ್ಕಾರಿ ಕೆಲಸದ ಹೆಣ್ಣುಮಗಳು. ಹಳದಿ ಸ್ಟ್ಯಾಂಡ್ ಅಲ್ಲೇ ಕೊಳೆಯಲಿ. ಹಿರೇಗುಂಟನೂರಿನ ಪಶು ಆಸ್ಪತ್ರೆಗೆ ವರ್ಗ ಕೇಳು. ಅಮ್ಮನ ಮನೆಯಿಂದಲೇ ಹೋಗಿಬರಬಹುದು, ಅಲ್ಲಿಯ ಕೆರೆಯಲ್ಲೂ ಹಕ್ಕಿಗಳಿವೆ.

ನಿನ್ನ ಮಾವ,
ರಘುನಾಥ್


ತಾಳ್ಯ
10 ಏಪ್ರಿಲ್ 2025

ಮಾವ,

ವರ್ಗ ಕೇಳುವುದಿಲ್ಲ. ಹಿರೇಗುಂಟನೂರು ಕೆರೆಯ ಕೊಕ್ಕರೆಗಳಿಗೆ ನನ್ನ ನಮಸ್ಕಾರ ತಿಳಿಸಿ.

ನಿಮ್ಮ ಒಂಟಿಕಾಲಿನದನ್ನು ಹಿಡಿದು ಮರುದಿನವೇ ಹತ್ತಿದೆ. ನೀವು ಹೇಳಿದ್ದು ನಿಜ, ಗೂಡಿನ ಬದಲು ಎದೆಬಡಿತವೇ ಕಂಡಿತು. ಆದರೂ ದಿನವೂ ಹೋಗಿ ಹಟ್ಟಿಗೆ ಕಾಣುವ ಜಾಗದಲ್ಲೇ ಕೂತೆ. ಬೈದರೆ ಬೈಯಲಿ, ಮರೆಯಲ್ಲಿ ಕೂತು ನೋಡುವ ಕಳ್ಳಕೆಲಸ ನನ್ನದಲ್ಲ ಎಂದು.

ನಾಲ್ಕನೆಯ ದಿನವೋ ಐದನೆಯ ದಿನವೋ ಹುಚ್ಚಕ್ಕ ಕುರಿ ಬಿಟ್ಟುಕೊಂಡು ಬಂದು ಪಕ್ಕದಲ್ಲಿ ನಿಂತಳು. ಅದೇನು ದಿನಾ ನೋಡ್ತೀಯ, ಇತ್ತ ತಾ ಎಂದಳು. ನಾನು ಕೋಲನ್ನು ಎರಡೂ ಕೈಯಲ್ಲಿ ಬಿಗಿಹಿಡಿದೆ, ಅವಳು ಕಣ್ಣಿಟ್ಟಳು. ಆಗಲೇ ಗಂಡುಗಿಡುಗ ಬಂದು ಇಳಿಯಿತು. ಹಾವು ಅದರ ಹೊಟ್ಟೆಯೊಳಗಿತ್ತು, ಬಾಲ ಮಾತ್ರ ಕೊಕ್ಕಿನಿಂದ ನೇತಾಡುತ್ತಿತ್ತು. ಹತ್ತಿಯುಂಡೆಯಂತಹ ಮರಿ ಎದ್ದು ಆ ಬಾಲ ಹಿಡಿದು ಬಾವಿಯ ಹಗ್ಗ ಸೇದಿದಂತೆ ಎಳೆಯಿತು. ಹುಚ್ಚಕ್ಕ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಆಮೇಲೆ ನನ್ನ ಕೋಲಿಗೇ ಬೈದಳು: "ಇದು ಯಾಕವ್ವ ಹಿಂಗ್ ನಡುಗ್ತೈತೆ, ಜ್ವರ ಬಂದಂಗೆ? ನಿಂದು ಮೂರ್ ಕಾಲಿಂದು ಚೆನ್ನಾಗಿತ್ತಲ್ಲ."

ಮರುದಿನ ಕುರಿಗಳು ಆಸ್ಪತ್ರೆಗೆ ಬಂದವು. ಸ್ಟ್ಯಾಂಡ್ ಮಾತ್ರ ದೊಡ್ಡಿಯಲ್ಲೇ ಇತ್ತು.

ಈಗ ಹೋದ ವಾರದ ಮಾತು. ಸರ್ವೆಯ ಜೀಪು ಬಂತು. ಗುಡ್ಡದ ತಿರುವಿನಲ್ಲಿ, ಮರದಿಂದ ಒಂದು ಕೂಗಳತೆ ದೂರದಲ್ಲಿ ಒಂದು ಗುರುತಿನ ಕಲ್ಲಿದೆ. ತಲೆಯ ಮೇಲೆ ಬಿಳಿ ಬಣ್ಣ ಬಳಿದದ್ದು. ಅವರ ಯಂತ್ರ ಆ ಕಲ್ಲಿನ ನೆತ್ತಿಗೆ ಸರಿಯಾಗಿ ನಿಂತರೆ ಮಾತ್ರ ಮುಂದಿನ ಅಳತೆ. ಅವರು ಜೀಪಿನಿಂದ ಸಾಮಾನು ಇಳಿಸುವಷ್ಟರಲ್ಲಿ ಹುಚ್ಚಕ್ಕ ನಮ್ಮ ಹಳದಿ ಸ್ಟ್ಯಾಂಡನ್ನು ಹೆಂಗಸರಿಂದ ಹೊರಿಸಿಕೊಂಡು ಬಂದಳು. ಕಲ್ಲು ನಡುವೆ ಬರುವಂತೆ ಮೂರು ಕಾಲು ಅಗಲಿಸಿ, ನನ್ನನ್ನು ಕರೆದು ಮೊನೆ ಮೆಟ್ಟಿಸಿದಳು. ನಾನು ಮೆಟ್ಟಿದೆ ಮಾವ. ಸರ್ಕಾರಿ ಕೆಲಸದ ಹೆಣ್ಣುಮಗಳು ಮೆಟ್ಟಿದಳು. ಆಮೇಲೆ ಅಜ್ಜಿ ಹೆಗಲ ಮೇಲಿನ ಕಂಬಳಿ ಕೊಡವಿ ಅದರ ಮೇಲೆ ಹೊದಿಸಿದಳು.

ಅಳತೆಯವನಿಗೆ ನಗು. ಅಜ್ಜಿ, ಇದನ್ನ ತೆಗೀರಿ, ನಮ್ಮ ಕೆಲಸ ಐತೆ ಎಂದ.

"ನಮ್ಮದೂ ಅಳತೇನೇ ನಡೀತಾ ಐತಪ್ಪ," ಎಂದಳು ಹುಚ್ಚಕ್ಕ. "ಮೊದ್ಲು ಬಂದೋರು ನಾವು. ಮುಗಿದ್ ಮ್ಯಾಲೆ ಕರಿತೀವಿ. ನೆಳ್ಳಾಗ್ ಕುಂತ್ಕಳ್ರಿ."

ಅವನು ತನ್ನ ಆಳುಗಳಿಗೆ ಎತ್ತಿ ಪಕ್ಕಕ್ಕೆ ಇಡಿ ಎಂದ. ಅಳತೆಕೋಲು ಹಿಡಿಯಲು ಕರೆತಂದಿದ್ದವರು ಹೊಸದುರ್ಗದ ಕಡೆಯ ಹಟ್ಟಿಯವರು, ಅಲ್ಲೂ ಕಂಬಳಿಯ ಪದ್ಧತಿ ಇದೆಯಂತೆ. ಕಂಬಳಿ ಕಂಡದ್ದೇ ಅವರು ಚಪ್ಪಲಿ ಬಿಟ್ಟು ಹಿಂದೆ ಸರಿದರು. ಕೂಲಿ ಕೊಡಲ್ಲ ನೋಡ್ರಿ ಎಂದ. ಅವರಲ್ಲಿ ಹಿರಿಯನೊಬ್ಬ ಕೈಯಲ್ಲಿದ್ದ ಕೋಲನ್ನು ಜೀಪಿನೊಳಗೆ ಮಲಗಿಸಿ, "ಬ್ಯಾಡ ಬಿಡ್ರಿ ಸಾರ್, ನಡಕಂಡೇ ಹೋಗ್ತೀವಿ," ಎಂದ. ಅಳತೆಯವನು ತಾನೇ ಕೈ ಚಾಚಿದ. ಹೆಂಗಸರೆಲ್ಲ ಸುತ್ತ ಕುಂತರು. ಅವನ ಕೈ ಅರ್ಧದಲ್ಲೇ ನಿಂತು, ಕಿಸೆಯೊಳಗಿನ ಫೋನಿಗೆ ಹೋಯಿತು. ಜೀಪು ಇಳಿಯಿತು.

ಮತ್ತೆ ಬರುತ್ತಾರೆ, ಪೊಲೀಸರನ್ನೂ ಕರೆತರಬಹುದು. ಮರಿಗೆ ಇನ್ನೂ ರೆಕ್ಕೆ ಬಲಿತಿಲ್ಲ. ನಾನು ಮೆಟ್ಟಿದ ಸುದ್ದಿ ನಮ್ಮ ಆಫೀಸಿಗೆ ಮುಟ್ಟಿ ನೋಟೀಸು ಬಂದಿದೆ. ನಾನು ನಿಂತದ್ದು ಹುಲ್ಲುಗಾವಲಿನ ಮೇಲೆ, ನಾನು ನೋಡುವುದು ಹುಲ್ಲು ತಿನ್ನುವ ಕುರಿಗಳನ್ನು, ಹುಲ್ಲು ಹೋದರೆ ನನ್ನ ಹುದ್ದೆ ಯಾತಕ್ಕೆ ಎಂದು ಉತ್ತರ ಬರೆದು ಕಳಿಸಿದ್ದೇನೆ. ಅಮ್ಮನಿಗೂ ನಾನೇ ಬರೆದೆ.

ಕಾವ್ಯಶ್ರೀ


ಹಿರಿಯೂರು
22 ಏಪ್ರಿಲ್ 2025

ಕಾವ್ಯಾ,

ಚಿಕ್ಕ ಕಾಗದ. ನಿಮ್ಮ ಗುಡ್ಡದಿಂದ ಜೀಪು ಇಳಿಸಿದ ಶಿವರಾಜ್ ನಿನ್ನೆ ಸ್ಟುಡಿಯೋಗೆ ಬಂದಿದ್ದ. ಜೊತೆಗೆ ಇಸ್ತ್ರಿ ಅಂಗಿಯ ಒಬ್ಬ ದೊಡ್ಡ ಮನುಷ್ಯ. ಗುಡ್ಡದ ಮೇಲಿರುವ ಸ್ಟ್ಯಾಂಡ್ ಕಂಪನಿಯದು, ನಿಮಗೆ ಕೊಟ್ಟದ್ದು ತಪ್ಪಾಯಿತು, ವಾಪಸ್ ಬೇಕು, ಅದು ನಿಮ್ಮದಲ್ಲ ಎಂದು ಒಂದು ಚೀಟಿ ಬರೆದುಕೊಡಿ ಎಂದರು. ಬರೆದುಕೊಟ್ಟರೆ ಅವರು ಕಳ್ಳಮಾಲು ಎಂದು ಪೊಲೀಸರಿಂದಲೇ ಅದನ್ನು ಎತ್ತಿಸಬಹುದಂತೆ.

ಏನಂದ್ರಿ ಎಂದೆ. ಮತ್ತೆ ಹೇಳಿದರು. ಏನಂದ್ರಿ ಎಂದೆ. ದೊಡ್ಡ ಮನುಷ್ಯ ಮೇಜು ಕುಟ್ಟಿ ಕೂಗಿದ. ಪಾಸ್‌ಪೋರ್ಟ್ ಸೈಜಾ ಸಾರ್, ಕುಂತ್ಕಳ್ರಿ ಎಂದು ಲೈಟು ಹಾಕಿ ಅವನ ಫೋಟೊ ತೆಗೆದೆ. ಸಿಟ್ಟಿನ ಮುಖ ಬಹಳ ಚೆನ್ನಾಗಿ ಬಂದಿದೆ. ಶಿವರಾಜ್ ನೆಲ ನೋಡುತ್ತಿದ್ದ. ನಗು ತಡೆದುಕೊಂಡಿದ್ದ ಎಂದು ನನ್ನ ಗುಮಾನಿ. ಇಷ್ಟು ವರ್ಷಕ್ಕೆ ಈ ಕಿವಿ ಒಂದು ಕೆಲಸಕ್ಕೆ ಬಂತು.

ವರ್ಗದ ಮಾತು ನಾನು ಆಡಿಯೇ ಇಲ್ಲ ಎಂದುಕೊ. ಮೊನೆಗಳಿಗೆ ತುಕ್ಕು ಹಿಡಿಯದಂತೆ ತಿಂಗಳಿಗೊಮ್ಮೆ ಎಣ್ಣೆ ಹಚ್ಚು.

ನಿನ್ನ ಮಾವ


ತಾಳ್ಯ
1 ಜೂನ್ 2025

ಮಾವ,

ಹಾರಿತು.

ಹೋದ ವಾರ ಬೆಳಗ್ಗೆ, ಗಾಳಿ ಎದುರಿನಿಂದ ಬೀಸುತ್ತಿದ್ದಾಗ ಮರಿ ರೆಕ್ಕೆ ಬಿಚ್ಚಿ ಗೂಡಿನ ಅಂಚಿನಲ್ಲಿ ನಿಂತಿತು. ಬಿದ್ದಂತೆ ಕಂಡಿತು, ಬೀಳಲಿಲ್ಲ. ಕರಿಗುಡ್ಡದ ಮೇಲೆ ಒಂದು ಸುತ್ತು ಹಾಕಿ ಎದುರು ಬಂಡೆಯ ಮೇಲೆ ಇಳಿದು, ತಾನೇನು ಮಾಡಿದೆ ಎಂದು ತನಗೇ ತಿಳಿಯದ ಹಾಗೆ ಅತ್ತಿತ್ತ ನೋಡಿತು.

ನಾನು ನೋಡಿದ್ದು ಕಂಬಳಿಯ ಒಳಗಿನಿಂದ. ಅದನ್ನು ನಿಮಗೆ ಹೇಳಿರಲಿಲ್ಲ. ಕಂಬಳಿ ತೆಗೆಯುವಂತಿಲ್ಲ, ನಾನು ನೋಡದೆ ಇರುವಂತೆಯೂ ಇಲ್ಲ. ಹುಚ್ಚಕ್ಕನೇ ದಾರಿ ಹುಡುಕಿದಳು: ಒಳಗೆ ನುಗ್ಗಿ ಕೂರು, ತೆಗೆದಂಗಾಗಲ್ಲ. ಕಂಬಳಿಯ ಮಡಿಕೆಯಿಂದ ದುರ್ಬೀನಿನ ಮೂತಿ ಮಾತ್ರ ಹೊರಗೆ. ಗಿಡುಗಗಳಿಗೆ ನಾವು ಒಂದು ಕರಿಬಂಡೆ. ಏಪ್ರಿಲ್‌ನಿಂದ ಮೇವರೆಗೆ ಆ ಬಂಡೆಯೊಳಗೆ ಅಜ್ಜಿಯೂ ನಾನೂ ಬೆವರು ಸುರಿಸುತ್ತ ಕೂತೆವು. ಅವಳ ಎಲೆಅಡಿಕೆಯ ವಾಸನೆ ನನ್ನ ಅಂಗಿಯಿಂದ ಇನ್ನೂ ಹೋಗಿಲ್ಲ.

ಪೊಲೀಸರು ಒಮ್ಮೆ ಬಂದರು. ಅಮ್ಮ ಅವರಿಗಿಂತ ಒಂದು ದಿನ ಮೊದಲೇ ಬಂದಿದ್ದಳು, ನನ್ನನ್ನು ಕರೆದೊಯ್ಯಲು. ಬಂದವಳು ಹೆಂಗಸರ ನಡುವೆ ಕುಂತುಬಿಟ್ಟಳು. ಹಳದಿ ಸೀರೆ ಬೇಡವೆಂದು ಹಟ ಹಿಡಿದವಳನ್ನು ಎಬ್ಬಿಸುವುದು ಪೊಲೀಸರಿಂದ ಆದೀತೇ? ಹಟ್ಟಿಯವರ ಅರ್ಜಿಯ ಮೇಲೆ ತಹಶೀಲ್ದಾರರು ಮಳೆಗಾಲ ಮುಗಿಯುವವರೆಗೆ ಅಳತೆ ನಿಲ್ಲಿಸಿದ್ದಾರೆ. ನಿಲ್ಲಿಸಿದ್ದಾರೆ ಅಷ್ಟೇ, ಬಿಟ್ಟಿಲ್ಲ. ನನ್ನ ಉತ್ತರಕ್ಕೆ ಆಫೀಸಿನಿಂದ ಇನ್ನೊಂದು ನೋಟೀಸು ಬಂದಿದೆ. ಅದಕ್ಕೂ ಉತ್ತರ ಬರೆದೆ, ಮೊದಲಿನದಕ್ಕಿಂತ ಉದ್ದವಾಗಿ.

ಮರಿ ಹಾರಿದ ದಿನ ಹಟ್ಟಿಯಲ್ಲಿ ಪಾಯಸ ಮಾಡಿದರು. ಇನ್ನು ಸ್ಟ್ಯಾಂಡ್ ತೆಗೆಯೋಣವೇ ಅಜ್ಜಿ ಎಂದು ಕೇಳಿದೆ. ಹುಚ್ಚಕ್ಕ ನನ್ನನ್ನು ಕಸಾಯಿಯವನನ್ನು ನೋಡಿದ ಹಾಗೆ ನೋಡಿದಳು.

"ಹಕ್ಕಿ ಹಾರಿ ಹೋತು ಅಂತ ಮರ ಬಿಟ್ಟುಕೊಡಾಕಾಗ್ತೈತಾ? ಬರೋ ವರ್ಷ ಅದು ತತ್ತಿ ಎಲ್ಲಿಡಬೇಕು, ನನ್ ತಲೆ ಮ್ಯಾಲಾ?"

ಹಾಗಾಗಿ ಸ್ಟ್ಯಾಂಡ್ ಅಲ್ಲೇ ಇದೆ, ಕಲ್ಲಿನ ನೆತ್ತಿಯ ಮೇಲೆ, ಕಂಬಳಿ ಹೊದ್ದು. ಮಳೆಗೆಂದು ಇನ್ನೊಂದು ಕಂಬಳಿ ಅದರ ಮೇಲೆ ಬಿದ್ದಿದೆ. ಎಣ್ಣೆ ನಾನು ಹಚ್ಚುತ್ತೇನೆ. ನಿಮ್ಮ ಒಂಟಿಕಾಲಿನದನ್ನು ಅಜ್ಜಿ ಕುರಿ ಅಟ್ಟಲು ಇಟ್ಟುಕೊಂಡಿದ್ದಾಳೆ. ದೂರದ ಕುರಿಗೆ ಉದ್ದ ಮಾಡುತ್ತಾಳೆ, ಹತ್ತಿರದ ಕುರಿಗೆ ಗಿಡ್ಡ ಮಾಡುತ್ತಾಳೆ. ಇಷ್ಟು ಒಳ್ಳೆ ಕೋಲು ಮಾಡಿದವನು ಜಾಣ ಅನ್ನುತ್ತಾಳೆ.

ಜನವರಿಯಲ್ಲಿ ನೀವು ಒಂದು ಪ್ರಶ್ನೆ ಕೇಳಿದ್ದಿರಿ, ನಾನು ಉತ್ತರ ಕೊಟ್ಟಿರಲಿಲ್ಲ. ಸ್ಟ್ಯಾಂಡ್ ಎಷ್ಟು ವರ್ಷ ಬಾಳಬೇಕು ಎಂದು. ಅದನ್ನು ಹುಚ್ಚಕ್ಕನ ಮುಂದೆ ಇಟ್ಟೆ. ಅವಳು ಕೂಡಿ ಕಳೆಯಲಿಲ್ಲ, ಎಲೆಅಡಿಕೆ ಉಗುಳಿ ಹೇಳಿದಳು. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ:

"ಅವ್ರು ಎಷ್ಟ್ ವರ್ಷ ಬರ್ತಾರೋ, ಅದ್ಕಿಂತ ಒಂದ್ ವರ್ಷ ಹೆಚ್ಗೆ."

ನಿಮ್ಮ ಸೊಸೆ,
ಕಾವ್ಯಶ್ರೀ